ಮುಂಗಡ ಹಣದ ಕಾರ್ಡು: ಗುಣದೋಷ ವಿವೇಚನೆ

ಮೂವತ್ತೆರಡು ವರ್ಷ ಹುಡುಗರಿಗೆ ಸಂಸ್ಕೃತವನ್ನು ಕಲಿಸಿ ನಾವು ಸೇವೆಯಿಂದ ನಿವೃತ್ತರಾದ ದಿನ ಶಾಲೆಯಲ್ಲಿ ಒಂದು ಚಿಕ್ಕ ಸಮಾರಂಭವು ಜರುಗಿತು. ಹಾರ, ಶಾಲು, ಫಲತಾಂಬೂಲಗಳಾದ ತರುವಾಯ ಹಳೆಯ ವಿದ್ಯಾರ್ಥಿಗಳು ಮುಂದೆ ಬಂದು ನಮ್ಮ ಕೈಯಲ್ಲಿ ಒಂದು ಲಕೋಟೆಯನ್ನಿಟ್ಟರು. ಅದರೊಳಗೆ ವೀಳ್ಯದೆಲೆಗಿಂತ ಚಿಕ್ಕದಾದ, ಬಂಗಾರದ ಬಣ್ಣದ ಒಂದು ಕಾರ್ಡು ಇದ್ದಿತು. “ಗುರುಗಳೆ, ಇದರಾಗ ಐದು ಸಾವಿರ ರೂಪಾಯಿ ಅದಾವ್ರಿ. ನಿಮಗ ಬೇಕಾದ್ದನ್ನ ಬೇಕಾದ ಅಂಗಡ್ಯಾಗ ತಗೋಬಹುದು” ಎಂದು ಅವರಲ್ಲೊಬ್ಬನು ವಿವರಿಸಿದನು. ಕೊಟ್ಟವರಾರೂ ಧನಿಕರಲ್ಲ. ಒಬ್ಬನು ಗೌಂಡಿ ಕೆಲಸದವನು, ಒಬ್ಬಳು ಅಂಗನವಾಡಿಯ ಶಿಕ್ಷಕಿ, ಮತ್ತೊಬ್ಬನು ಆಟೋರಿಕ್ಷಾ ನಡೆಯಿಸುವವನು. ನೂರು ಇನ್ನೂರರಂತೆ ಕೂಡಿಸಿದ ಹಣವದು. ಅಂಥ ಹಣವನ್ನು ಎಣ್ಣೆ-ಉಪ್ಪಿಗೆ ಖರ್ಚು ಮಾಡಲು ನಮಗೆ ಮನಸ್ಸಾಗಲಿಲ್ಲ. ಕಾರ್ಡನ್ನು ತಂದು ನಮ್ಮ ಹಳೆಯ ಅಮರಕೋಶದ ಪುಟಗಳ ನಡುವೆ ಇಟ್ಟೆವು. ಆಗಾಗ್ಗೆ ತೆರೆದು ನೋಡಿ ಸಂತೋಷಪಟ್ಟೆವು.

ಹದಿನಾರು ತಿಂಗಳು ಕಳೆದವು. ಮನೆಯವರ ಕಣ್ಣಿನ ನಂಬರು ಬದಲಾಗಿದೆಯೆಂದೂ ಹೊಸ ಕನ್ನಡಕವಾಗಬೇಕೆಂದೂ ವೈದ್ಯರು ಹೇಳಿದರು. ಶಿಷ್ಯರ ಉಡುಗೊರೆಗೆ ಇದಕ್ಕಿಂತ ಸದುಪಯೋಗವೇನಿದೆ ಎಂದುಕೊಂಡು ಇಬ್ಬರೂ ಕೆಲಗೇರಿಯಿಂದ ಹೊರಟು ಧಾರವಾಡದ ಸುಭಾಸ ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಕಾರ್ಡನ್ನು ಯಂತ್ರಕ್ಕೆ ಎರಡು ಸಲ, ಮೂರು ಸಲ ತೋರಿಸಿದನು, ಯಂತ್ರವು ಒಪ್ಪಲಿಲ್ಲ. “ಸರ್ರ, ಇದರ ಮುದ್ದತು ಮುಗದೈತ್ರಿ” ಎಂದು ಅವನು ಸೌಜನ್ಯದಿಂದಲೇ ಹೇಳಿದನು. ಮನೆಯವರು ಹಾಲಿನವನಿಗೆಂದು ತೆಗೆದಿಟ್ಟಿದ್ದ ಹಣವನ್ನು ಎಣಿಸಿಕೊಟ್ಟು ಕನ್ನಡಕ ತೆಗೆದುಕೊಂಡರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೆಲಗೇರಿಯ ಕೆರೆಯ ಹತ್ತಿರ ಬಂದಾಗ ಮಾತ್ರ, “ಹುಡುಗ್ರು ಕೂಡಿಸಿ ಕೊಟ್ಟ ರೊಕ್ಕ ಹಿಂಗ ಹಾಳಾಗಬಾರದಿತ್ತು ನೋಡ್ರಿ” ಎಂದರು. ಆ ಮಾತು ನಮಗೆ ನೆಟ್ಟಿತು. ಪಾಣಿನಿಯ ಸೂತ್ರಗಳನ್ನು ಅರ್ಥವಿಟ್ಟು ಓದಿಸಿದ ನಾವು ಕಾರ್ಡಿನ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಓದಿರಲಿಲ್ಲ!

ಅಂದಿನಿಂದ ಈ ಕಾರ್ಡುಗಳ ವಿಷಯವನ್ನು ಒಂದು ಶಾಸ್ತ್ರದಂತೆ ವಿಚಾರಿಸತೊಡಗಿದೆವು. ತಿಳಿದವರನ್ನು ಕೇಳಿದೆವು, ರಿಜರ್ವ್ ಬ್ಯಾಂಕಿನ ನಿಯಮಗಳನ್ನು ತರಿಸಿ ಓದಿದೆವು. ಆ ವಿಚಾರದ ಫಲವನ್ನು ವಾಚಕರ, ಅದರಲ್ಲಿಯೂ ಮನೆಯ ಜಮಾಖರ್ಚನ್ನು ಕೈಯಲ್ಲಿ ಹಿಡಿದಿರುವ ಸಹೋದರಿಯರ ಮುಂದಿಡುವದು ಈ ಲೇಖನದ ಉದ್ದೇಶವಾಗಿದೆ. ಐದು ಸಾವಿರದ ಗತಿಯೇನಾಯಿತೆಂಬದನ್ನು ಕೊನೆಯಲ್ಲಿ ಹೇಳುವೆವು.

ವಸ್ತುಸ್ವರೂಪ

ಯಾವ ವಸ್ತುವಿನ ಗುಣದೋಷಗಳನ್ನು ಹೇಳುವ ಮೊದಲು ಅದರ ಲಕ್ಷಣವನ್ನು ಹೇಳಬೇಕೆಂಬದು ನಮ್ಮ ಶಾಸ್ತ್ರಕಾರರ ಸಂಪ್ರದಾಯ. ಪ್ರೀಪೇಡ್ ಕಾರ್ಡೆಂದರೆ ಮುಂಗಡವಾಗಿ ಹಣ ತುಂಬಿದ ಕಾರ್ಡು. ತುಂಬಿದಷ್ಟೇ ಅದರಿಂದ ಖರ್ಚಾಗುತ್ತದೆ, ತುಂಬದಿದ್ದರೆ ಅದು ಬರಿಯ ತಗಡು. ರೂಪದಲ್ಲಿ ಇದು ಬ್ಯಾಂಕಿನ ಡೆಬಿಟ್ ಕಾರ್ಡನ್ನೂ ಕ್ರೆಡಿಟ್ ಕಾರ್ಡನ್ನೂ ಹೋಲುವದರಿಂದ ಅನೇಕರು ಮೂರನ್ನೂ ಒಂದೆಂದು ತಿಳಿಯುವರು. ಅದು ತಪ್ಪು.

ನಮ್ಮ ಹಿರಿಯರ ಮನೆತನದ ದೃಷ್ಟಾಂತದಿಂದ ಈ ಭೇದವು ಸುಲಭವಾಗಿ ತಿಳಿಯುವದು. ಬ್ಯಾಂಕಿನ ಉಳಿತಾಯ ಖಾತೆಯು ಮನೆಯ ಹಗೇವಿದ್ದಂತೆ. ಡೆಬಿಟ್ ಕಾರ್ಡೆಂದರೆ ಆ ಹಗೇವಿನ ಬಾಯನ್ನು ತೆರೆಯುವ ಅಧಿಕಾರ. ಅದು ಕಳ್ಳನ ಕೈಗೆ ಸಿಕ್ಕರೆ ಇಡಿಯ ಹಗೇವಿಗೇ ಭಯ. ಕ್ರೆಡಿಟ್ ಕಾರ್ಡೆಂದರೆ ಕಿರಾಣಿ ಅಂಗಡಿಯ ಉದ್ರಿ ಖಾತೆ; ತಿಂಗಳ ಕೊನೆಗೆ ತೀರಿಸದಿದ್ದರೆ ಬಡ್ಡಿ ಬೆಳೆಯುವದು. ಮುಂಗಡ ಕಾರ್ಡೆಂದರೆ ಹಗೇವಿನಿಂದ ನಾಲ್ಕು ಸೇರು ತೆಗೆದು ಸಂತೆಗೆ ಒಯ್ಯುವ ಕೈಚೀಲ. ಚೀಲ ಹರಿದರೆ ನಾಲ್ಕು ಸೇರು ಹೋದೀತೇ ಹೊರತು ಹಗೇವು ಬರಿದಾಗದು. ಆದರೆ ಚೀಲದಲ್ಲಿದ್ದ ಕಾಳು ಮೊಳೆತು ಬೆಳೆಯುವದೂ ಇಲ್ಲ.

ಈ ವಸ್ತುವು ಹೊಸದಾಗಿ ಕಂಡರೂ ಇದರ ತತ್ತ್ವ ಹೊಸದಲ್ಲ. ನಾವು ಧಾರವಾಡದಲ್ಲಿ ಓದುತ್ತಿದ್ದಾಗ ಖಾನಾವಳಿಯ ಯಜಮಾನನಿಗೆ ತಿಂಗಳ ಮೊದಲಲ್ಲೇ ಹಣ ಕೊಟ್ಟು ಕೂಪನ್ನುಗಳ ಒಂದು ಪುಸ್ತಕವನ್ನು ಪಡೆಯುತ್ತಿದ್ದೆವು. ಊಟಕ್ಕೊಂದರಂತೆ ಕೂಪನ್ನು ಹರಿದು ಕೊಡುವದು. ಹಣವನ್ನು ಬೇರೆಡೆ ಕಳೆದರೂ ತಿಂಗಳ ಅನ್ನಕ್ಕೆ ಚಿಂತೆಯಿಲ್ಲವೆಂಬದು ಅದರ ಗುಣ. ರಜೆಗೆ ಊರಿಗೆ ಹೋದರೆ ಉಳಿದ ಕೂಪನ್ನು ಹಾಳು. ಖಾನಾವಳಿಯೇ ಮುಚ್ಚಿದರೆ ಕೇಳುವದು ಯಾರನ್ನು ಎಂಬದು ಅದರ ದೋಷ. ಇಂದಿನ ಕಾರ್ಡಿನ ಸಮಸ್ತ ಗುಣದೋಷಗಳ ಬೀಜವೂ ಆ ಕೂಪನ್ನಿನ ಪುಸ್ತಕದಲ್ಲಿಯೇ ಇದ್ದಿತು.

ಭೇದವೇನೆಂದರೆ ಇಂದಿನ ಕಾರ್ಡಿಗೆ ರಾಜಶಾಸನದ ಕಾವಲುಂಟು. ನಮ್ಮ ದೇಶದಲ್ಲಿ ೨೦೦೭ರ ಪಾವತಿ ಹಾಗೂ ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯ ಅಧಿಕಾರದಿಂದ ರಿಜರ್ವ್ ಬ್ಯಾಂಕು ೨೦೦೯ರಲ್ಲಿ ಇವುಗಳಿಗೆ ಮೊದಲ ನಿಯಮಗಳನ್ನು ಮಾಡಿತು. ೨೦೨೧ರ ಆಗಸ್ಟದಲ್ಲಿ ಹೊರಟ ನಿರ್ದೇಶವು ಈ ವಿಷಯದ ಎಲ್ಲ ಕಟ್ಟಳೆಗಳನ್ನೂ ಒಂದೆಡೆ ಕೂಡಿಸಿತು. ಮುಂದೆ ನಾವು ಹೇಳುವ ಮಿತಿಗಳು ಆ ನಿರ್ದೇಶದವು. ಇಂಥ ನಿಯಮಗಳು ಕಾಲಕಾಲಕ್ಕೆ ತಿದ್ದಲ್ಪಡುವದರಿಂದ ಕಾರ್ಡು ಕೊಳ್ಳುವವರು ಅದರೊಡನೆ ಬಂದ ಕಾಗದವನ್ನೂ ಓದತಕ್ಕದ್ದು.

ಮನೆಯವರು ತಿಳಿದಿರಬೇಕಾದ ಮುಖ್ಯ ಪ್ರಕಾರಗಳು ಮೂರು. ಮೊದಲನೆಯದು ಅಲ್ಪ ವಿವರಗಳನ್ನು ಮಾತ್ರ ತೆಗೆದುಕೊಂಡು ಕೊಡುವ ಸಣ್ಣ ಕಾರ್ಡು. ಇದರಲ್ಲಿ ಯಾವಾಗಲೂ ೧೦,೦೦೦ ರೂಪಾಯಿಗಿಂತ ಹೆಚ್ಚಿರಕೂಡದು, ಇದರಿಂದ ಸಾಮಾನು-ಸೇವೆಗಳನ್ನು ಕೊಳ್ಳಬಹುದಲ್ಲದೆ ನಗದು ತೆಗೆಯಲು ಬಾರದು. ಎರಡನೆಯದು ಕೆ.ವೈ.ಸಿ. ಎಂದು ಕರೆಯಲ್ಪಡುವ ಪೂರ್ಣ ಗುರುತಿನ ಪರಿಶೀಲನೆಯಾದ ಮೇಲೆ ಕೊಡುವದು. ಇದರಲ್ಲಿ ೨,೦೦,೦೦೦ ರೂಪಾಯಿಯವರೆಗೆ ಇಡಬಹುದು. ಮೂರನೆಯದು ನಮಗೆ ದೊರೆತಂಥ ಉಡುಗೊರೆಯ ಕಾರ್ಡು; ಇದರ ಬೆಲೆ ೧೦,೦೦೦ವನ್ನು ಮೀರಕೂಡದು, ಒಮ್ಮೆ ಖರ್ಚಾದ ಮೇಲೆ ಇದನ್ನು ಮತ್ತೆ ತುಂಬಿಸಲಾಗದು, ಇದರಿಂದಲೂ ನಗದು ಬಾರದು.

ಗುಣಪಕ್ಷ

ಮೊದಲ ಗುಣವು ಹಾನಿಗೆ ಮಿತಿಯಿರುವದು. ನಮ್ಮ ಓಣಿಯಲ್ಲಿ ನಡೆದ ಸಂಗತಿಯೊಂದನ್ನು ಹೇಳುವೆವು. ಒಬ್ಬ ತಾಯಿಗೆ ಯಾರೋ ದೂರವಾಣಿಯಲ್ಲಿ ಮಾತನಾಡಿ, ನಿಮ್ಮ ಏ.ಟಿ.ಎಂ. ಕಾರ್ಡು ಬಂದಾಗುವದೆಂದು ಹೆದರಿಸಿ, ಅದರ ಅಂಕಿಗಳನ್ನೂ ಮೊಬಾಯಿಲಿಗೆ ಬಂದ ಗುಪ್ತ ಸಂಖ್ಯೆಯನ್ನೂ ಕೇಳಿಕೊಂಡರು. ಮಗಳ ಬಾಣಂತನಕ್ಕೆಂದು ಕೂಡಿಟ್ಟ ಹಣವೆಲ್ಲ ಕಾಲು ಗಂಟೆಯಲ್ಲಿ ಮಾಯವಾಯಿತು. ಅದೇ ವರ್ಷ ನಮ್ಮ ಸೊಸೆಯು ಜಾಲತಾಣದ ಅಂಗಡಿಯೊಂದರಲ್ಲಿ ಮಕ್ಕಳ ಬಟ್ಟೆಗಳನ್ನು ತರಿಸಲು ಹೋಗಿ ಮೋಸಹೋದಳು. ಆದರೆ ಅವಳು ಉಪಯೋಗಿಸಿದ್ದು ಒಂದೂವರೆ ಸಾವಿರ ರೂಪಾಯಿ ತುಂಬಿದ ಮುಂಗಡ ಕಾರ್ಡು, ಹೋದದ್ದು ಅಷ್ಟೇ. ಎರಡು ಮನೆಗಳಲ್ಲಿಯೂ ಅಜಾಗರೂಕತೆ ಇದ್ದಿತು, ದುಃಖದಲ್ಲಿ ಮಾತ್ರ ಅಜಗಜಾಂತರವಾಯಿತು. ಪರಿಚಯವಿಲ್ಲದ ಅಂಗಡಿಗೆ ಹಗೇವಿನ ಬಾಯನ್ನು ತೋರಿಸದೆ ಕೈಚೀಲವನ್ನು ಮಾತ್ರ ತೋರಿಸುವದು ನಿಜವಾಗಿಯೂ ಜಾಣತನ.

ಎರಡನೆಯದು ಖರ್ಚಿಗೆ ಕಟ್ಟು. ಪರಸ್ಥಳಕ್ಕೆ ಓದಲು ಹೋದ ಮಗನಿಗೆ ತಿಂಗಳಿಗಿಷ್ಟೆಂದು ತುಂಬಿಸಿದರೆ, ಅವನು ಅಷ್ಟರಲ್ಲಿಯೇ ತಿಂಗಳನ್ನು ಸಾಗಿಸುವದನ್ನು ಕಲಿಯುವನು. ಉಪದೇಶದಿಂದ ಬಾರದ ಮಿತವ್ಯಯವು ಇಂಥ ಅಭ್ಯಾಸದಿಂದ ಬರುವದುಂಟು. ಕಾರ್ಡಿನಲ್ಲಿಲ್ಲದ ಹಣವನ್ನು ಖರ್ಚು ಮಾಡಲು ಬಾರದ ಕಾರಣ ಸಾಲವಾಗುವ ಭಯವಿಲ್ಲ. ತಿಂಗಳ ಕೊನೆಗೆ ಬಡ್ಡಿಯ ಪಟ್ಟಿ ಬರುವದಿಲ್ಲ.

ಮೂರನೆಯದು ಪ್ರಯಾಣದ ಸೌಕರ್ಯ. ನಮ್ಮ ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರ ಅಕ್ಟೋಬರದಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, ೨೦೨೦ರ ಫೆಬ್ರುವರಿ ೨ರಂದು ವಿಧ್ಯುಕ್ತವಾಗಿ ಉದ್ಘಾಟಿತವಾದ ಚಿಗರಿ ಬಸ್ಸುಗಳ ವ್ಯವಸ್ಥೆಯೊಡನೆ, ಮೊದಲೇ ಹಣ ತುಂಬಿ ನಿಲ್ದಾಣದ ಬಾಗಿಲಿಗೆ ತೋರಿಸುವ ಕಾರ್ಡಿನ ಪರಿಚಯವೂ ನಮ್ಮ ಜನರಿಗಾಯಿತು. ೨೦೧೧ರ ಅಕ್ಟೋಬರದಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಕಾರ್ಡುಳ್ಳವರಿಗೆ ಪ್ರಯಾಣದರದಲ್ಲಿ ನೂರಕ್ಕೆ ೫ರಂತೆ ರಿಯಾಯಿತಿಯೂ ಉಂಟು. ವಾಹನವುಳ್ಳವರಿಗಂತೂ ಇದು ಐಚ್ಛಿಕವಾಗಿ ಉಳಿದಿಲ್ಲ. ೨೦೨೧ರ ಫೆಬ್ರುವರಿಯ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯೂ ಬಹುಮಟ್ಟಿಗೆ ಇದೇ ಜಾತಿಯದು. ಚಿಲ್ಲರೆಗಾಗಿ ತಡಕಾಡುವ, ಸಾಲಿನಲ್ಲಿ ನಿಲ್ಲುವ ಕಷ್ಟವು ಇವುಗಳಿಂದ ತಕ್ಕಮಟ್ಟಿಗೆ ತಪ್ಪಿದೆಯೆಂಬದನ್ನು ಒಪ್ಪಲೇಬೇಕು.

ನಾಲ್ಕನೆಯದು ಪರದೇಶದ ಪ್ರಯೋಜನ. ಇತ್ತೀಚೆಗೆ ನಮ್ಮ ಕಡೆಯ ಅನೇಕ ಮನೆತನಗಳ ಮಕ್ಕಳು ಅಮೇರಿಕೆಗೂ ಜರ್ಮನಿಗೂ ಓದಲು ಹೋಗುತ್ತಿರುವರು. ಅವರಿಗೆ ಬ್ಯಾಂಕುಗಳು ಪರದೇಶದ ನಾಣ್ಯವನ್ನೇ ತುಂಬಿದ ಕಾರ್ಡನ್ನು ಕೊಡುವವು. ತುಂಬಿಸಿದ ದಿನದ ದರವೇ ನಿಶ್ಚಿತವಾಗುವದರಿಂದ ಮರುದಿನ ರೂಪಾಯಿ ಇಳಿದರೂ ತುಂಬಿಸಿದ ಹಣಕ್ಕೆ ಧಕ್ಕೆಯಿಲ್ಲ. ಆದರೆ ಒಂದು ದೇಶದ ನಾಣ್ಯವನ್ನು ತುಂಬಿಸಿ ಮತ್ತೊಂದು ದೇಶದಲ್ಲಿ ಖರ್ಚು ಮಾಡಿದರೆ ಪರಿವರ್ತನೆಯ ಶುಲ್ಕವು ಬೀಳುವದೆಂಬದನ್ನು ಮಕ್ಕಳಿಗೆ ಹೇಳಿ ಕಳಿಸತಕ್ಕದ್ದು.

ದೋಷಪಕ್ಷ

ಇನ್ನು ದೋಷಗಳು. ಮೊದಲನೆಯದು, ಕಾರ್ಡಿನ ಹಣಕ್ಕೆ ಬಡ್ಡಿಯಿಲ್ಲ. ನಿಯಮವೇ ಅದನ್ನು ನಿಷೇಧಿಸಿದೆ. ಉಳಿತಾಯ ಖಾತೆಯಲ್ಲಿ ನೂರಕ್ಕೆ ಎರಡೂವರೆಯಂತೆ ಬಡ್ಡಿಯೆಂದು ಹಿಡಿದರೂ ೫,೦೦೦ ರೂಪಾಯಿಗೆ ವರ್ಷಕ್ಕೆ ೧೨೫ ರೂಪಾಯಿ ಬರುತ್ತಿದ್ದಿತು. ಅಮರಕೋಶದಲ್ಲಿಟ್ಟ ನಮ್ಮ ಕಾರ್ಡಿಗೆ ಒಂದು ಕಾಸೂ ಹುಟ್ಟಲಿಲ್ಲ.

ಎರಡನೆಯದು, ಇದು ಠೇವಣಿಯಲ್ಲ. ಬ್ಯಾಂಕು ಮುಳುಗಿದರೆ ಒಬ್ಬೊಬ್ಬ ಠೇವಣಿದಾರನಿಗೆ ೫ ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು. ೨೦೨೦ರ ಫೆಬ್ರುವರಿಗಿಂತ ಮೊದಲು ಈ ಮಿತಿಯು ೧ ಲಕ್ಷವಿದ್ದಿತು. ಬ್ಯಾಂಕಲ್ಲದ ಸಂಸ್ಥೆಯು ಕೊಟ್ಟ ಕಾರ್ಡಿನಲ್ಲಿರುವ ಹಣವು ಠೇವಣಿಯೆನಿಸುವದಿಲ್ಲವಾದ್ದರಿಂದ ಠೇವಣಿದಾರನಿಗಿರುವ ವಿಮೆಯು ಕಾರ್ಡುದಾರನಿಗಿಲ್ಲ. ಅದಾಗ್ಯೂ ಗ್ರಾಹಕರ ಹಣವನ್ನು ಅಂಥ ಸಂಸ್ಥೆಯು ತನ್ನ ವ್ಯಾಪಾರದ ಹಣದಲ್ಲಿ ಬೆರೆಸದೆ, ಬ್ಯಾಂಕೊಂದರ ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ ಕಟ್ಟಳೆಯುಂಟು. ಇದರಿಂದ ಸ್ವಲ್ಪ ಧೈರ್ಯ, ಪೂರ್ಣ ನಿಶ್ಚಿಂತೆಯಲ್ಲ.

ಮೂರನೆಯದು, ಕೊಟ್ಟ ಸಂಸ್ಥೆಗೆ ಬಂದ ವಿಘ್ನವು ಕಾರ್ಡುಳ್ಳವನಿಗೂ ತಟ್ಟುವದು. ೨೦೨೪ರ ಜನವರಿ ೩೧ರಂದು ರಿಜರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧವನ್ನು ಹೇರಿತು. ಆ ವರ್ಷದ ಮಾರ್ಚ್ ೧೫ರ ತರುವಾಯ ಅದರ ಕಾರ್ಡು, ಫಾಸ್ಟ್ಯಾಗ್ ಮೊದಲಾದವುಗಳಲ್ಲಿ ಹೊಸದಾಗಿ ಹಣ ತುಂಬಿಸಲು ಬಾರದಾಯಿತು. ಇದ್ದ ಹಣವನ್ನು ಖರ್ಚು ಮಾಡಲು ಅನುಮತಿಯಿದ್ದುದರಿಂದ ಜನರ ದುಡ್ಡು ಮುಳುಗಲಿಲ್ಲ. ಆದರೆ ಎಷ್ಟೋ ಜನ ವಾಹನದವರು ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸಲು ಓಡಾಡಬೇಕಾಯಿತು. ಖಾನಾವಳಿ ಮುಚ್ಚಿದರೆ ಕೂಪನ್ನಿನ ಗತಿಯೇನೆಂಬ ಹಳೆಯ ಪ್ರಶ್ನೆಯೇ ಇಲ್ಲಿ ದೊಡ್ಡ ರೂಪದಲ್ಲಿ ಬಂದಿತು.

ನಾಲ್ಕನೆಯದು ಶುಲ್ಕಗಳು ಮತ್ತು ಚೂರುಪಾರು. ಕಾರ್ಡು ಕೊಡುವಾಗ, ಮತ್ತೆ ತುಂಬಿಸುವಾಗ, ಕಳೆದದ್ದಕ್ಕೆ ಬದಲು ಕೊಡುವಾಗ ಹಲವು ಸಂಸ್ಥೆಗಳು ಶುಲ್ಕವನ್ನು ತೆಗೆದುಕೊಳ್ಳುವವು; ಶುಲ್ಕದ ಮೇಲೆ ತೆರಿಗೆ ಬೇರೆ. ಇದಲ್ಲದೆ ಸಾವಿರ ರೂಪಾಯಿಯ ಉಡುಗೊರೆಯ ಕಾರ್ಡಿನಿಂದ ೯೪೦ ರೂಪಾಯಿಯ ಸೀರೆಯನ್ನು ಕೊಂಡರೆ ಉಳಿದ ೬೦ ರೂಪಾಯಿ ಅಲ್ಲಿಯೇ ಕುಳಿತಿರುವದು. ಅದನ್ನು ನಗದಾಗಿ ಕೊಡುವದಿಲ್ಲ; ಅದಕ್ಕಾಗಿ ಇನ್ನೊಮ್ಮೆ ಪೇಟೆಗೆ ಹೋಗುವವರೂ ವಿರಳ. ಒಬ್ಬರ ಅರವತ್ತು ಕ್ಷುದ್ರವಾಗಿ ಕಂಡರೂ ಸಾವಿರ ಮನೆಗಳ ಅರವತ್ತು ಅರವತ್ತು ಸಾವಿರವೆಂಬದು ಸಾಮಾನ್ಯ ಗಣಿತ.

ಐದನೆಯದು, ನಮಗೆ ತಟ್ಟಿದ ಮುದ್ದತು. ನಮ್ಮ ದೇಶದ ನಿಯಮದಂತೆ ಕಾರ್ಡಿಗೆ ಕೊನೆಯ ಪಕ್ಷ ಒಂದು ವರ್ಷದ ಆಯುಷ್ಯವಿರಬೇಕು. ಹೆಚ್ಚು ಕೊಡುವದು ಸಂಸ್ಥೆಯ ಇಚ್ಛೆ. ಅಮೇರಿಕೆಯಲ್ಲಿ ೨೦೦೯ರ ಕಾಯಿದೆಯೊಂದು ಉಡುಗೊರೆಯ ಕಾರ್ಡಿನ ಹಣಕ್ಕೆ ಕನಿಷ್ಠ ಐದು ವರ್ಷಗಳ ಆಯುಷ್ಯವನ್ನು ವಿಧಿಸಿತು. ನಮ್ಮಲ್ಲಿಯೂ ಈ ವಿಷಯದಲ್ಲಿ ಇನ್ನಷ್ಟು ಔದಾರ್ಯವಿದ್ದರೆ ಒಳಿತೆಂದು ನಮ್ಮ ನಮ್ರ ಅಭಿಪ್ರಾಯ. ಮುದುಕರು ಉಡುಗೊರೆಯನ್ನು ಕೂಡಲೆ ಖರ್ಚು ಮಾಡುವದಿಲ್ಲ. ಅದನ್ನು ಕಾಯ್ದಿಡುವದೇ ಗೌರವವೆಂದು ತಿಳಿಯುವರು.

ಧರ್ಮಶಾಸ್ತ್ರದ ದೃಷ್ಟಿ

ಇಲ್ಲಿ ನಮ್ಮ ಓದಿನ ವಿಷಯವೊಂದು ನೆನಪಾಗುತ್ತದೆ. ಒಬ್ಬನ ಹಣವನ್ನು ಇನ್ನೊಬ್ಬನು ನಂಬಿಕೆಯಿಂದ ಇಟ್ಟುಕೊಳ್ಳುವ ವ್ಯವಹಾರವನ್ನು ನಮ್ಮ ಸ್ಮೃತಿಕಾರರು ಬಲು ಸೂಕ್ಷ್ಮವಾಗಿ ವಿಚಾರಿಸಿರುವರು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನವನೇ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದು ಉಪನಿಧಿ, ಎಣಿಸಿ ತೋರಿಸಿ ಕೊಟ್ಟದ್ದು ನಿಕ್ಷೇಪ ಎಂದು ಆ ಗ್ರಂಥವು ವಿಭಾಗಿಸುತ್ತದೆ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಇಟ್ಟ ವಸ್ತು ಹೋದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನು ಕೇಳಿದಾಗ ಕೊಡದೆ ಹೋಗಿ, ಆಮೇಲೆ ಅದು ನಷ್ಟವಾದರೆ ಅವನು ಅದರ ಬೆಲೆಯನ್ನೂ ದಂಡವನ್ನೂ ತೆರಬೇಕು. ತನ್ನ ಇಚ್ಛೆಯಂತೆ ಅದನ್ನು ಉಪಯೋಗಿಸಿ ಲಾಭ ಪಡೆದವನು ಬಡ್ಡಿ ಸಹಿತವಾಗಿ ಹಿಂದಿರುಗಿಸಬೇಕೆಂದು ಅಲ್ಲಿ ವಿಧಿಸಲಾಗಿದೆ.

ಇದರ ತಾತ್ಪರ್ಯವು ಸ್ಪಷ್ಟ. ಕೈಯಿಂದ ಕೈಗೆ ಹೋದರೂ ಹಣದ ಒಡೆತನವು ಹೋಗುವದಿಲ್ಲ. ಒಡೆಯನು ಕೇಳುವ ಹಕ್ಕನ್ನು ಬಿಡಕೂಡದು. ಮುಂಗಡ ಕಾರ್ಡಿನ ಹಣವನ್ನು ಕೇಳದೆ ಬಿಡುವವರು ನಾವೇ. ಲಜ್ಜೆಯಿಂದಲೋ ಅಜ್ಞಾನದಿಂದಲೋ ಆಲಸ್ಯದಿಂದಲೋ ಬಿಡುವೆವು. ನಮ್ಮ ಐದು ಸಾವಿರವನ್ನೂ ನಾವು ಹೀಗೆಯೇ ಬಿಟ್ಟುಬಿಟ್ಟಿದ್ದೆವು.

ಐದು ಸಾವಿರದ ಗತಿ

ರಿಜರ್ವ್ ಬ್ಯಾಂಕಿನ ನಿರ್ದೇಶವನ್ನು ಓದುತ್ತಿರುವಾಗ ಒಂದು ವಾಕ್ಯವು ನಮ್ಮ ಕಣ್ಣಿಗೆ ಬಿದ್ದಿತು. ಅದರ ಅಭಿಪ್ರಾಯ ಹೀಗಿದೆ: ಮುದ್ದತು ಮುಗಿಯುವ ಮುಂಚಿನ ನಾಲ್ವತ್ತೈದು ದಿನಗಳಲ್ಲಿ ಸಂಸ್ಥೆಯು ಕಾರ್ಡುಳ್ಳವನನ್ನು ಎಚ್ಚರಿಸಬೇಕು. ಬ್ಯಾಂಕಲ್ಲದ ಸಂಸ್ಥೆಯು ಮುದ್ದತು ಮುಗಿದ ಮೇಲೂ ಕನಿಷ್ಠ ಮೂರು ವರ್ಷ ಉಳಿದ ಹಣವನ್ನು ತನ್ನ ಲಾಭಕ್ಕೆ ಸೇರಿಸಕೂಡದು. ಮುದ್ದತು ಮುಗಿದ ತರುವಾಯ ಯಾವಾಗ ಬಂದು ಕೇಳಿದರೂ ಆ ಹಣವನ್ನು ಕಾರ್ಡುಳ್ಳವನ ಬ್ಯಾಂಕಿನ ಖಾತೆಗೆ ಕೊಡಬೇಕು. ಅಂದರೆ ಕಾರ್ಡು ಸತ್ತರೂ ಹಣವು ಸಾಯುವದಿಲ್ಲ! ಮನೆಯವರನ್ನು ಕರೆದು ಓದಿ ತೋರಿಸಿದೆವು. “ಹಂಗಾದರ ಇವತ್ತೇ ಬರೀರಲಾ, ಯಾಕ ತಡ ಮಾಡ್ತೀರಿ?” ಎಂದರು.

ಕಾರ್ಡು ಕೊಟ್ಟ ಸಂಸ್ಥೆಗೆ ಪತ್ರವನ್ನು ಬರೆದೆವು. ಮುದ್ದತು ಮುಗಿದದ್ದರಿಂದ ಏನೂ ಮಾಡಲು ಬಾರದೆಂಬ ಒಂದು ಸಾಲಿನ ಉತ್ತರ ಬಂದಿತು. ಎರಡನೆಯ ಪತ್ರದಲ್ಲಿ ನಿರ್ದೇಶದ ಆ ಭಾಗವನ್ನು ಉಲ್ಲೇಖಿಸಿ, ಕಾರ್ಡಿನ ಸಂಖ್ಯೆಯನ್ನೂ ನಮ್ಮ ಖಾತೆಯ ವಿವರವನ್ನೂ ಕಾಣಿಸಿ, ಮೂವತ್ತು ದಿನಗಳೊಳಗೆ ಸಮಾಧಾನ ದೊರೆಯದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡುವೆವೆಂದು ವಿನಯದಿಂದಲೇ ತಿಳಿಸಿದೆವು. ೨೦೨೧ರ ನವೆಂಬರದಲ್ಲಿ ಎಲ್ಲ ಸಂಸ್ಥೆಗಳಿಗೂ ಒಂದಾಗಿ ಏರ್ಪಾಡಾದ ಈ ಲೋಕಪಾಲ ಯೋಜನೆಯಲ್ಲಿ ದೂರಿಗೆ ಶುಲ್ಕವಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ದೂರು ಕೊಡುವ ಪ್ರಸಂಗ ಬರಲಿಲ್ಲ. ಮೂರು ವಾರಗಳೊಳಗಾಗಿ ಐದು ಸಾವಿರ ರೂಪಾಯಿ ನಮ್ಮ ಖಾತೆಗೆ ಬಂದು ಬಿದ್ದವು.

ಅಂದು ಸಾಯಂಕಾಲ ಕೆರೆಯ ಕಡೆಗೆ ತಿರುಗಾಡಲು ಹೋದಾಗ ಆಟೋರಿಕ್ಷಾ ನಡೆಯಿಸುವ ಆ ಹಳೆಯ ವಿದ್ಯಾರ್ಥಿಯು ಎದುರಾದನು. “ಗುರುಗಳೆ, ನಾವು ಕೊಟ್ಟ ಕಾರ್ಡಿಂದ ಏನ್ ತಗೊಂಡ್ರಿ?” ಎಂದು ಕೇಳಿದನು. ನಾವು ಉತ್ತರವನ್ನು ಹುಡುಕುವಷ್ಟರಲ್ಲಿ ಮನೆಯವರು ಕನ್ನಡಕವನ್ನು ಸರಿಪಡಿಸಿಕೊಂಡು, “ಇದೇ ನೋಡಪ್ಪಾ, ಈಗ ನಿನ್ನ ಮಾರಿ ಚೊಲೊ ಕಾಣಸ್ತದ” ಎಂದರು. ಅವನ ಮುಖದಲ್ಲಿ ಮೂಡಿದ ಸಂತೋಷದ ಬೆಲೆಯನ್ನು ಯಾವ ಕಾರ್ಡಿನಲ್ಲಿಯೂ ತುಂಬಲಾಗದು.

ಮನೆಗೆ ಕೆಲವು ನಿಯಮಗಳು

ಇಷ್ಟರಿಂದ ಹೊರಡುವ ಸಿದ್ಧಾಂತವನ್ನು ಸಂಕ್ಷೇಪವಾಗಿ ಹೇಳುವೆವು. ಮುಂಗಡ ಕಾರ್ಡಿನ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು: ಹಣವನ್ನು ಮೊದಲೇ ಬೇರೆ ಮಾಡಿ ಕೊಟ್ಟಿರುವದು. ಬೇರೆಯಾದ ಹಣವು ಸ್ವಲ್ಪವಿದ್ದರೆ ಅದು ರಕ್ಷಣೆ. ಬಹಳವಿದ್ದರೆ ಅದೇ ಭಯ. ಆದಕಾರಣ,

ಒಂದು: ಒಂದು ತಿಂಗಳಲ್ಲಿ ಖರ್ಚಾಗುವದಕ್ಕಿಂತ ಹೆಚ್ಚನ್ನು ಕಾರ್ಡಿನಲ್ಲಿ ತುಂಬಿಸಬೇಡಿರಿ. ಕೂಡಿಡಬೇಕಾದ ಹಣಕ್ಕೆ ಬ್ಯಾಂಕಿನ ಇಲ್ಲವೆ ಅಂಚೆಯ ಖಾತೆಯೇ ತಕ್ಕ ಸ್ಥಳ.

ಎರಡು: ಕಾರ್ಡು ಕೈಗೆ ಬಂದ ದಿನವೇ ಅದರ ಮುದ್ದತನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಬ್ಬಹುಣ್ಣಿಮೆಗಳನ್ನು ಗುರುತು ಹಾಕುವಂತೆ, ಗುರುತು ಹಾಕಿರಿ. ಉಡುಗೊರೆಯ ಕಾರ್ಡನ್ನು ಮೂರು ತಿಂಗಳೊಳಗೆ ಉಪಯೋಗಿಸಿಬಿಡಿರಿ; ಕೊಟ್ಟವರ ನೆನಪಿಗೆ ಅದರಿಂದ ಕೊಂಡ ವಸ್ತುವನ್ನು ಕಾಯ್ದಿಡಿರಿ.

ಮೂರು: ಕೊಡುವ ಸಂಸ್ಥೆಗೆ ರಿಜರ್ವ್ ಬ್ಯಾಂಕಿನ ಅನುಮತಿಯುಂಟೋ, ಶುಲ್ಕಗಳೆಷ್ಟು, ಕಳೆದರೆ ಬಂದು ಮಾಡಿಸುವ ದೂರವಾಣಿಯಾವದು ಎಂಬ ಮೂರು ಮಾತುಗಳನ್ನು ಕೊಳ್ಳುವ ಮೊದಲೇ ಕೇಳಿರಿ. ನಿಮ್ಮ ಹೆಸರಿನಲ್ಲಿ ಮೊಬಾಯಿಲ್ ಸಂಖ್ಯೆಯನ್ನು ನೋಂದಾಯಿಸಿರಿ. ಇಲ್ಲದಿದ್ದರೆ ಎಚ್ಚರಿಕೆಯ ಸಂದೇಶವು ಬರುವದು ಯಾರಿಗೆ?

ನಾಲ್ಕು: ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ನಿಮ್ಮದಾಗಲಿ ಸಂಸ್ಥೆಯದಾಗಲಿ ತಪ್ಪಿಲ್ಲದೆ ಮೂರನೆಯವರ ವಂಚನೆಯಿಂದ ಹಣ ಹೋಗಿ, ಸುದ್ದಿ ಬಂದ ಮೂರು ದಿನಗಳೊಳಗೆ ತಿಳಿಸಿದರೆ ಹಾನಿಯು ನಿಮ್ಮ ಮೇಲೆ ಬಾರದೆಂದು ರಿಜರ್ವ್ ಬ್ಯಾಂಕಿನ ನಿಯಮವಿದೆ. ನಾಲ್ಕರಿಂದ ಏಳು ದಿನಗಳಾದರೆ ಹೋದ ಹಣ ಇಲ್ಲವೆ ೧೦,೦೦೦ ರೂಪಾಯಿ, ಇವುಗಳಲ್ಲಿ ಕಡಿಮೆಯಾದಷ್ಟು ನಿಮ್ಮ ಪಾಲಿಗೆ ಬರಬಹುದು. ಆದರೆ ಗುಪ್ತ ಸಂಖ್ಯೆಯನ್ನು ನೀವೇ ಹೇಳಿದ್ದಾದರೆ, ತಿಳಿಸುವವರೆಗಿನ ಹಾನಿಯು ನಿಮ್ಮದೇ. ವಂಚನೆಯಾದ ಕೂಡಲೆ ಸಂಸ್ಥೆಗೂ, ಸರಕಾರದ ೧೯೩೦ ಎಂಬ ಸಹಾಯವಾಣಿಗೂ ತಿಳಿಸತಕ್ಕದ್ದು.

ಐದು: ಮುದ್ದತು ಮುಗಿಯಿತೆಂದು ಕಾರ್ಡನ್ನು ಎಸೆಯಬೇಡಿರಿ. ಹಣವಿದ್ದರೆ ಕೇಳಿರಿ, ಒಮ್ಮೆ ಇಲ್ಲವೆಂದರೆ ನಿಯಮವನ್ನು ತೋರಿಸಿ ಎರಡನೆಯ ಸಲ ಕೇಳಿರಿ.

ಮನೆಯ ಹಿರಿಯರಾದ ನಾವು ಹೊಸ ವಸ್ತುಗಳನ್ನು ಕಂಡು, ಇದೆಲ್ಲ ಹುಡುಗರ ಕಾಲದ್ದು, ನಮಗೇಕೆ ಎಂದು ದೂರ ಸರಿಯುವದುಂಟು. ಆ ಉದಾಸೀನದಿಂದಲೇ ನಮ್ಮ ಶಿಷ್ಯರ ಬೆವರಿನ ಹಣವು ಹಾಳಾಗುವದರಲ್ಲಿದ್ದಿತು. ಕಾರ್ಡು ಈಗ ಬರಿದಾಗಿದೆ. ಆದರೂ ಅದು ಅಮರಕೋಶದಲ್ಲಿಯೇ ಇದೆ. ಪುಟ ತೆರೆದಾಗಲೊಮ್ಮೆ ಅದರ ಮೇಲಿನ ನಾಲ್ಕು ಅಂಕಿಗಳನ್ನು ಓದುವದು ನಮಗೆ ಅಭ್ಯಾಸವಾಗಿದೆ. ವಾಚಕರೂ ಇಂದೇ ತಮ್ಮ ಕಪಾಟನ್ನೊಮ್ಮೆ ತೆರೆದು, ಅಲ್ಲಿ ಇಂಥ ಕಾರ್ಡೇನಾದರೂ ಮಲಗಿದ್ದರೆ ಅದನ್ನು ತೆಗೆದು ಓದಬೇಕೆಂದು ನಮ್ಮ ವಿಜ್ಞಾಪನೆ.